ಚೆರಿ ಹೂವಿನ ಊರಿಗೆ ಪ್ರಯಾಣ

ಅಮೆರಿಕ ದೇಶದ ಶಾಲೆಗಳಲ್ಲಿ ಚಳಿಗಾಲ ಕಳೆದು ವಸಂತ ಕಾಲಿಡುವ ಹೊತ್ತಿಗೆ ಕೆಲವು ದಿನಗಳ ರಜವನ್ನು ಕೊಡುವ ವಾಡಿಕೆಯುಂಟು. ಸಾಮಾನ್ಯವಾಗಿ ಕ್ರೈಸ್ತರ ಈಸ್ಟರ್ ಹಬ್ಬವನ್ನು ನೋಡಿಕೊಂಡು ಅನೇಕ ಊರುಗಳವರು ಈ ರಜವನ್ನು ಗೊತ್ತುಮಾಡುತ್ತಾರೆ. 2016ನೆಯ ಇಸವಿಯಲ್ಲಿ ನಾನು ವಿನಿಮಯ ವಿದ್ಯಾರ್ಥಿನಿಯಾಗಿ ಪೆನ್ಸಿಲ್ವೇನಿಯಾ ಸಂಸ್ಥಾನದ ಲ್ಯಾಂಕಾಸ್ಟರ್ ಪ್ರಾಂತದ ಒಂದು ಸಣ್ಣ ಊರಿನಲ್ಲಿದ್ದಾಗ, ಆ ರಜದಲ್ಲಿ ನನ್ನನ್ನಿಟ್ಟುಕೊಂಡಿದ್ದ ಮನೆಯವರೊಡನೆ ರಾಜಧಾನಿಯಾದ ವಾಷಿಂಗ್ಟನ್ ನಗರವನ್ನು ನೋಡಿಬಂದೆನು. ನೋಡಬೇಕೆಂದು ಪಟ್ಟಿಮಾಡಿಕೊಂಡು ಹೋದುದರಲ್ಲಿ ಅರ್ಧವನ್ನು ಈಗ ಮರೆತಿದ್ದೇನೆ. ಪಟ್ಟಿಯಲ್ಲಿಲ್ಲದ ಒಂದು ಜಾಗವನ್ನು ಮಾತ್ರ ಮರೆತಿಲ್ಲ.

ವಿನಿಮಯ ವಿದ್ಯಾರ್ಥಿಯೆಂದರೇನೆಂಬುದನ್ನು ವಾಚಕರಿಗೆ ಮೊದಲು ಎರಡು ಮಾತಿನಲ್ಲಿ ಹೇಳಬೇಕು. ಒಂದು ದೇಶದ ಹುಡುಗನೋ ಹುಡುಗಿಯೋ ಮತ್ತೊಂದು ದೇಶದ ಗೃಹಸ್ಥರ ಮನೆಯಲ್ಲಿ ಒಂದು ವರ್ಷ ಮನೆಯ ಮಕ್ಕಳಂತೆಯೇ ಇದ್ದು, ಅಲ್ಲಿಯ ಶಾಲೆಯಲ್ಲಿ ಓದಿ ಹಿಂದಿರುಗುವ ಏರ್ಪಾಡು ಇದು. ನನ್ನನ್ನು ಕಳುಹಿಸಿದ ಏ. ಎಫ್. ಎಸ್. ಎಂಬ ಸಂಸ್ಥೆಯ ಮೂಲ ವಿಚಿತ್ರವಾದುದು. 1915ರಲ್ಲಿ ಫ್ರಾನ್ಸಿನ ಯುದ್ಧರಂಗದಲ್ಲಿ ಗಾಯಾಳುಗಳನ್ನು ಮೋಟಾರುಗಳಲ್ಲಿ ಸಾಗಿಸುತ್ತಿದ್ದ ಅಮೆರಿಕದ ತರುಣರ ಗುಂಪೊಂದು ಇದಕ್ಕೆ ಬುಡ. ಎರಡನೆಯ ಮಹಾಯುದ್ಧವೂ ಮುಗಿದ ಮೇಲೆ, ಹೆಣಗಳನ್ನೂ ಗಾಯಾಳುಗಳನ್ನೂ ಹೊತ್ತು ಬೇಸತ್ತವರು, ಇನ್ನು ಮುಂದೆ ಮಕ್ಕಳನ್ನೇ ದೇಶದಿಂದ ದೇಶಕ್ಕೆ ಕಳುಹಿಸೋಣವೆಂದು 1947ರಲ್ಲಿ ಈ ಕೆಲಸಕ್ಕೆ ಕೈಹಾಕಿದರು. ನಮ್ಮನ್ನು ಸಾಕುವ ಮನೆಯವರಿಗೆ ಇದಕ್ಕಾಗಿ ಕಾಸಿನ ಪ್ರತಿಫಲವಿಲ್ಲ. ಪರರ ಮಗಳಿಗೆ ಒಂದು ವರ್ಷ ಅನ್ನ ಹಾಕುವ ಉಸಾಬರಿ ನಮ್ಮಲ್ಲಿ ಎಷ್ಟು ಮನೆಗಳವರು ತೆಗೆದುಕೊಂಡಾರೆಂದು ನಾನು ಆಗಾಗ ಯೋಚಿಸಿದ್ದುಂಟು.

ಆ ಮನೆಯಲ್ಲಿ ಯಜಮಾನ, ಯಜಮಾನಿ, ಅವರ ಹತ್ತು ವರ್ಷದ ಮಗ, ಮತ್ತು ಯಜಮಾನಿಯ ತಾಯಿ ಇದ್ದರು. ಹಿರಿಯರನ್ನು ಹೆಸರು ಹಿಡಿದು ಕರೆಯುವುದು ಅಲ್ಲಿಯ ಪದ್ಧತಿ. ನನಗೆ ಎಷ್ಟು ತಿಣುಕಿದರೂ ಎಪ್ಪತ್ತು ವರ್ಷದ ಆ ಮುದುಕಿಯನ್ನು ಹೆಸರಿನಿಂದ ಕರೆಯಲು ನಾಲಗೆ ಏಳಲಿಲ್ಲ. ಮೊದಲ ವಾರದಲ್ಲಿಯೇ “ಅಜ್ಜೀ” ಎಂದುಬಿಟ್ಟೆನು. ಅದರ ಅರ್ಥವನ್ನು ಕೇಳಿ ತಿಳಿದುಕೊಂಡು ಆಕೆ ನಕ್ಕರು. ತಿಂಗಳು ಕಳೆಯುವುದರೊಳಗೆ ಮೊಮ್ಮಗನೂ ಹಾಗೆಯೇ ಕರೆಯತೊಡಗಿದನು.

ಮಾರ್ಚಿ 24ರ ಬೆಳಗ್ಗೆ ಹೊರಟೆವು. ನಾನು ಮಾಂಸ ತಿನ್ನುವವಳಲ್ಲವಾದುದರಿಂದ ದಾರಿಯ ಊಟಕ್ಕೆಂದು ಹಿಂದಿನ ರಾತ್ರಿಯೇ ಅನ್ನ ಮಾಡಿಟ್ಟು, ಮುಂಜಾನೆ ಎದ್ದು ಸಾಸಿವೆ, ಕಡಲೆಕಾಯಿಬೀಜ, ಅರಿಸಿನದ ಒಗ್ಗರಣೆ ಕೊಟ್ಟು ನಿಂಬೆಹಣ್ಣು ಹಿಂಡಿ ಚಿತ್ರಾನ್ನ ಕಲಸಿದ್ದೆನು. ಒಗ್ಗರಣೆಯ ಹೊಗೆಗೆ ಆ ಮನೆಗಳಲ್ಲಿ ಮಾಳಿಗೆಗೆ ಹಾಕಿರುವ ಹೊಗೆಗಂಟೆಯು ಕಿರ್‍ರೆಂದು ಕೂಗಿಕೊಂಡು, ಇಡೀ ಸಂಸಾರವು ನಿದ್ದೆಗಣ್ಣಿನಲ್ಲಿ ಅಡುಗೆಮನೆಗೆ ಓಡಿಬಂದ ಸಂಭ್ರಮವನ್ನು ಇಲ್ಲಿ ಬೆಳೆಸುವುದಿಲ್ಲ.

ನಮ್ಮೂರಿನಿಂದ ಹೊರಟ ಸ್ವಲ್ಪ ಹೊತ್ತಿಗೆ ರಸ್ತೆಯಲ್ಲಿ ಬೂದುಬಣ್ಣದ ಪೆಟ್ಟಿಗೆಯಂತಹ ಕುದುರೆಗಾಡಿಗಳು ಸಾಲಾಗಿ ಎದುರಾದುವು. ಇವು ಅಮಿಶ್ ಎಂಬ ಪಂಗಡದವರವು. ಇವರು ಸ್ವಂತ ಮೋಟಾರನ್ನು ಇಟ್ಟುಕೊಳ್ಳರು. ಮನೆಯಲ್ಲಿ ಹಳೆಯ ಜರ್ಮನ್ ಮಾತನ್ನೇ ಆಡುವರು. ಪ್ರಪಂಚಕ್ಕೆಲ್ಲ ಯಂತ್ರಗಳನ್ನು ಮಾರುವ ದೇಶದ ನಡುಮಧ್ಯೆ ಮೈಸೂರಿನ ಜಟಕಾದ ದಾಯಾದಿಯು ಟಕಟಕನೆ ಹೋಗುತ್ತಿರುವುದನ್ನು ಕಂಡು ನನಗೆ ಊರಿನ ನೆನಪು ಬಂದಿತು. ಸಸ್ಕ್ವೆಹಾನಾ ನದಿಯನ್ನು ದಾಟಿ ಮಧ್ಯಾಹ್ನದೊಳಗಾಗಿ ಗೆಟಿಸ್‍ಬರ್ಗ್ ಸೇರಿದೆವು.

ಅಮೆರಿಕದ ಅಂತರ್ಯುದ್ಧದಲ್ಲಿ 1863ನೆಯ ಜುಲೈ 1ರಿಂದ 3ರವರೆಗೆ ಘೋರವಾದ ಕಾಳಗ ನಡೆದ ಬಯಲು ಇದು. ಮೂರು ದಿನಗಳಲ್ಲಿ ಎರಡು ಕಡೆಯೂ ಸೇರಿ ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು, ಕಾಣೆಯಾದವರು ಸುಮಾರು 51,000 ಮಂದಿ. ಅದೇ ವರ್ಷ ನವೆಂಬರ್ 19ರಂದು ಅಲ್ಲಿಯ ಸ್ಮಶಾನವನ್ನು ಪ್ರತಿಷ್ಠಿಸುವಾಗ ಎವರೆಟ್ ಎಂಬ ಪ್ರಸಿದ್ಧ ವಾಗ್ಮಿಯು ಎರಡು ಗಂಟೆಗಳ ಕಾಲ ಮಾತನಾಡಿದನು. ಆತನ ಬಳಿಕ ಅಧ್ಯಕ್ಷ ಲಿಂಕನ್ನನು ಎರಡು ನಿಮಿಷ ಮಾತ್ರ ಮಾತನಾಡಿದನು. ಲೋಕವು ನೆನಪಿಟ್ಟುಕೊಂಡಿರುವುದು ಎರಡು ನಿಮಿಷದ ಮಾತನ್ನು. ನಮ್ಮ ಸಭೆಗಳ ಅಧ್ಯಕ್ಷರು ಒಮ್ಮೆ ಗೆಟಿಸ್‍ಬರ್ಗಿಗೆ ಹೋಗಿಬಂದರೆ ಒಳ್ಳೆಯದು.

ಹುಲ್ಲು ಆಗತಾನೇ ಹಸುರಾಗುತ್ತಿದ್ದ ಆ ಬಯಲಿನಲ್ಲಿ ಕುಳಿತು ಚಿತ್ರಾನ್ನವನ್ನು ತಿಂದೆವು. ಹುಡುಗನು ಫಿರಂಗಿಗಳ ಮೇಲೆ ಹತ್ತಿಳಿದನು. ಅಜ್ಜಿ ಮಾತ್ರ ಕಾರಿನಿಂದ ಇಳಿಯಲಿಲ್ಲ. ತಟ್ಟೆಯನ್ನು ಕೊಡಲು ಹೋದಾಗ, “ಸತ್ತ ಹುಡುಗರಿಗೆ ಕಲ್ಲು ನಿಲ್ಲಿಸುವುದರಲ್ಲಿ ನಮ್ಮವರು ಬಹಳ ಗಟ್ಟಿಗರಮ್ಮ,” ಎಂದರು. ಮೊಣಕಾಲು ನೋವಿನ ಬೇಸರವೆಂದು ನಾನು ಭಾವಿಸಿದೆನು.

ಅಲ್ಲಿಂದ ಎರಡು ಗಂಟೆಯ ದಾರಿ. ಯಜಮಾನರ ಬಂಧುಗಳ ಮನೆಯಲ್ಲಿ ರಾತ್ರಿ ತಂಗಿದ್ದು, ಮರುದಿನ ಶುಕ್ರವಾರ ಸುರಂಗದ ರೈಲಿನಲ್ಲಿ ನಗರಕ್ಕೆ ಹೋದೆವು. ನಮ್ಮ ಅದೃಷ್ಟಕ್ಕೆ ಆ ವರ್ಷ ಚೆರಿ ಮರಗಳು ತುಂಬ ಅರಳಿದ ದಿನವೇ ಮಾರ್ಚಿ 25. ಈ ಮರಗಳು ಕೆಲವೇ ದಿನ ಹೀಗೆ ನಿಲ್ಲುತ್ತವೆ; ಒಂದು ಗಾಳಿ, ಒಂದು ಮಳೆ ಬಂದರೆ ತೀರಿತು. ಟೈಡಲ್ ಬೇಸಿನ್ ಎಂಬ ಕೊಳದ ಸುತ್ತಲೂ ಎಲೆಯೇ ಕಾಣದಂತೆ ಬಿಳುಪಿಗೆ ನಸುಗೆಂಪು ಬೆರೆತ ಹೂವು. ನೀರಿನಲ್ಲಿ ಅದರ ನೆರಳು. ದಡದಲ್ಲಿ ಜಾತ್ರೆಯ ಜನ.

ಈ ಮರಗಳಿಗೂ ಒಂದು ಕಥೆಯುಂಟು. ಇವು ಜಪಾನಿನ ಟೋಕಿಯೋ ನಗರದವರ ಕಾಣಿಕೆ. 1910ರಲ್ಲಿ ಮೊದಲು ಬಂದ ಎರಡು ಸಾವಿರ ಗಿಡಗಳಿಗೆ ಹುಳುವೂ ರೋಗವೂ ತಗಲಿದ್ದುದರಿಂದ ಅವನ್ನೆಲ್ಲ ಸುಟ್ಟುಹಾಕಬೇಕಾಯಿತು. ಕಾಣಿಕೆಯನ್ನು ಸುಟ್ಟರೆ ಕೊಟ್ಟವರಿಗೆ ಹೇಗಾದೀತು! ಆದರೆ ಟೋಕಿಯೋದ ನಗರಾಧ್ಯಕ್ಷ ಓಜಾಕಿ ಎಂಬವರು ಬೇಸರಪಡದೆ 1912ರಲ್ಲಿ 3,020 ಗಿಡಗಳನ್ನು ಮತ್ತೆ ಕಳುಹಿಸಿದರು. ಆ ಮಾರ್ಚಿ 27ರಂದು ಅಧ್ಯಕ್ಷ ಟಾಫ್ಟರ ಪತ್ನಿಯೂ ಜಪಾನಿನ ರಾಯಭಾರಿಯ ಪತ್ನಿಯೂ ಮೊದಲ ಎರಡು ಸಸಿಗಳನ್ನು ನೆಟ್ಟರು. 1941ರ ಡಿಸೆಂಬರಿನಲ್ಲಿ ಜಪಾನು ಪರ್ಲ್ ಹಾರ್ಬರಿನ ಮೇಲೆ ಬಿದ್ದ ಕೆಲವೇ ದಿನಗಳಲ್ಲಿ ಯಾರೋ ಬಂದು ನಾಲ್ಕು ಮರಗಳನ್ನು ಕಡಿದುಹಾಕಿದರು. ಹೂವಿನ ಮರ ಮಾಡಿದ ತಪ್ಪೇನು? ಯುದ್ಧ ತೀರಿದ ಮೇಲೆ, ಟೋಕಿಯೋದ ಮೂಲ ತೋಪು ಆರೈಕೆಯಿಲ್ಲದೆ ಕ್ಷೀಣಿಸಿರಲಾಗಿ, 1952ರಲ್ಲಿ ವಾಷಿಂಗ್ಟನ್ನಿನ ಈ ಮರಗಳ ಕಡ್ಡಿಗಳನ್ನೇ ತವರಿಗೆ ಕಳುಹಿಸಿಕೊಟ್ಟರು. ಈ ಕಡೆಯ ಸಂಗತಿಯನ್ನು ಹೇಳಿದವರು ಅಜ್ಜಿ. ಅಂದು ಬೆಳಗ್ಗೆ ಅವರು ಉಲ್ಲಾಸವಾಗಿಯೇ ಇದ್ದರು.

ಕೊಳದಿಂದ ಲಿಂಕನ್ನರ ಸ್ಮಾರಕಕ್ಕೆ ಹೋದೆವು. 36 ಕಂಬಗಳ ಆ ಮಂದಿರದಲ್ಲಿ ಹತ್ತೊಂಬತ್ತು ಅಡಿ ಎತ್ತರದ ಅಮೃತಶಿಲೆಯ ಲಿಂಕನ್ ಕುಳಿತಿದ್ದಾನೆ. ಹಿಂದಿನ ದಿನ ನೋಡಿದ ಬಯಲಿನ ಆ ಎರಡು ನಿಮಿಷದ ಮಾತುಗಳನ್ನು ಒಂದು ಗೋಡೆಯ ಮೇಲೆ ಕೆತ್ತಿದ್ದಾರೆ. 1963ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ನಿಂತು ಭಾಷಣ ಮಾಡಿದ ಮೆಟ್ಟಿಲನ್ನೂ ಗುರುತು ಮಾಡಿದ್ದಾರೆ. ನಾವು ಮೆಟ್ಟಿಲಿಳಿದು ಬಂದಾಗ ಅಜ್ಜಿ ಕೆಳಗೆ ಬೆಂಚಿನ ಮೇಲೆ ಕುಳಿತು ಮರಗಳ ಕಡೆಗೆ ನೋಡುತ್ತಿದ್ದರು. ಯಜಮಾನಿಯು ಬೇರೊಂದು ದಾರಿಯನ್ನು ತೋರಿಸಿ, “ಇತ್ತ ಹೋಗೋಣ,” ಎಂದು ಎಲ್ಲರನ್ನೂ ಅವಸರಪಡಿಸಿದರು. ಅಜ್ಜಿ ಏಳಲಿಲ್ಲ. “ಬೇಡ. ಇಷ್ಟು ಹತ್ತಿರ ಬಂದಿದ್ದೇನೆ, ಇವತ್ತು ನೋಡಿಬಿಡುತ್ತೇನೆ,” ಎಂದರು.

ಆ ಮರಗಳ ಆಚೆಗಿದ್ದುದು ವಿಯಟ್ನಾಮ್ ಯುದ್ಧದಲ್ಲಿ ಮಡಿದವರ ಸ್ಮಾರಕ. ಅಜ್ಜಿಯ ತಮ್ಮನೊಬ್ಬನು 1968ರ ಮೇ ತಿಂಗಳಿನಲ್ಲಿ, ಇಪ್ಪತ್ತನೆಯ ವಯಸ್ಸಿನಲ್ಲಿ, ಆ ಯುದ್ಧದಲ್ಲಿ ಸತ್ತನೆಂದು ನಾನು ಕೇಳಿದ್ದೆನು. ಸ್ಮಾರಕವು 1982ರಲ್ಲಿ ಆಯಿತು. ಊರಿನಿಂದ ಮೂರು ಗಂಟೆಯ ದಾರಿಯಲ್ಲಿದ್ದೂ ಮೂವತ್ತನಾಲ್ಕು ವರ್ಷಗಳಲ್ಲಿ ಒಮ್ಮೆಯೂ ಆಕೆ ಅಲ್ಲಿಗೆ ಹೋಗಿರಲಿಲ್ಲವೆಂಬುದು ನನಗೆ ಆಗ ತಿಳಿಯಿತು.

ಇಂತಹ ಸ್ಮಾರಕವನ್ನು ನಾನು ಬೇರೆಲ್ಲಿಯೂ ನೋಡಿಲ್ಲ. ಗೋಪುರವಿಲ್ಲ, ಕುದುರೆಯ ಮೇಲೆ ಕುಳಿತ ದಳವಾಯಿಯಿಲ್ಲ. ನೆಲವನ್ನು ಇಳಿಜಾರಾಗಿ ಅಗೆದು, ಆ ಅಂಚಿಗೆ ಕನ್ನಡಿಯಂತೆ ಹೊಳೆಯುವ ಕರಿಯ ಕಲ್ಲಿನ ಎರಡು ಗೋಡೆಗಳನ್ನು ಮೂಲೆಗೂಡಿಸಿ ನಿಲ್ಲಿಸಿದ್ದಾರೆ. ಒಂದೊಂದು ಗೋಡೆಯೂ ಸುಮಾರು 247 ಅಡಿ ಉದ್ದ. ಮಧ್ಯದ ಮೂಲೆಯಲ್ಲಿ ಹತ್ತಡಿ ಎತ್ತರವಿದ್ದು, ತುದಿಗೆ ಹೋದಂತೆ ತಗ್ಗುತ್ತ ಕೊನೆಗೆ ಗೇಣುದ್ದಕ್ಕೆ ಇಳಿದು ಹುಲ್ಲಿನಲ್ಲಿ ಸೇರಿಹೋಗುತ್ತದೆ. ಅದರ ಮೇಲೆ ಐವತ್ತೆಂಟು ಸಾವಿರಕ್ಕೂ ಮಿಕ್ಕ ಹೆಸರುಗಳು. ಪದವಿಯಿಲ್ಲ, ಊರಿಲ್ಲ, ಬರಿಯ ಹೆಸರು. ಇದನ್ನು ಕಲ್ಪಿಸಿದವಳು ಮಾಯಾ ಲಿನ್ ಎಂಬ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿನಿ. ಹೆಸರುಗಳು ಅಕಾರಾದಿಯಾಗಿಲ್ಲ, ಸತ್ತ ದಿನದ ಕ್ರಮದಲ್ಲಿವೆ. ಮಧ್ಯದ ಮೂಲೆಯಿಂದ ಮೊದಲಾಗಿ ಬಲಗಡೆಯ ತುದಿಯವರೆಗೆ ನಡೆದು, ಮತ್ತೆ ಎಡಗಡೆಯ ತುದಿಯಿಂದ ಹೊರಟು ಮಧ್ಯಕ್ಕೆ ಬಂದು ಮುಗಿಯುತ್ತವೆ. ಹೀಗಾಗಿ ಮೊದಲು ಸತ್ತವರೂ ಕಡೆಗೆ ಸತ್ತವರೂ ಒಂದೇ ಮೂಲೆಯಲ್ಲಿ ಸಂಧಿಸುತ್ತಾರೆ. ಹೆಸರನ್ನು ಹುಡುಕಲು ದಾರಿಯಲ್ಲಿ ದಪ್ಪನೆಯ ಪುಸ್ತಕವಿದೆ. ಅದರಲ್ಲಿ ಹಲಗೆಯ ಸಂಖ್ಯೆ, ಸಾಲಿನ ಸಂಖ್ಯೆ ಕೊಟ್ಟಿರುತ್ತಾರೆ.

1968ರ ಮೇ ಎಂದರೆ ಬಲಗಡೆಯ ತುದಿಯ ಹತ್ತಿರ. ಅಲ್ಲಿ ಗೋಡೆಯ ಎತ್ತರ ಮೊಣಕಾಲಿನಷ್ಟು. ಹೆಸರು ಹುಲ್ಲಿನ ಅಂಚಿನ ಬಳಿಯಿದ್ದಿತು. ಅಜ್ಜಿಗೆ ಬಗ್ಗಲಾಗುತ್ತಿರಲಿಲ್ಲ, ಮೊಣಕಾಲೂರಲಂತೂ ಸಾಧ್ಯವೇ ಇಲ್ಲ. ಹಳದಿ ಟೋಪಿ ತೊಟ್ಟ ವೃದ್ಧ ಸ್ವಯಂಸೇವಕನೊಬ್ಬನು ಉದ್ದನೆಯ ಕಾಗದದ ಚೂರನ್ನೂ ಪೆನ್ಸಿಲನ್ನೂ ತಂದುಕೊಟ್ಟನು. ಹೆಸರಿನ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿದರೆ ಅಕ್ಷರಗಳು ಬಿಳಿಯಾಗಿ ಮೂಡುತ್ತವೆ. ಮಗಳು ಮುಂದೆ ಬಂದರು. ಅಜ್ಜಿ ಅದೇಕೋ, “ಇವಳು ಮಾಡಲಿ, ಇವಳ ಕೈ ನಡುಗುವುದಿಲ್ಲ,” ಎಂದು ನನ್ನನ್ನು ತೋರಿಸಿದರು. ನಾನು ಹುಲ್ಲಿನಲ್ಲಿ ಕುಳಿತು ಉಜ್ಜಿದೆನು. ಕಲ್ಲು ತಣ್ಣಗಿದ್ದಿತು. ನನ್ನ ಮುಖವೂ ಹಿಂದೆ ನಿಂತಿದ್ದ ಅಜ್ಜಿಯ ಕೋಟಿನ ಅಂಚೂ ಅದರಲ್ಲಿ ಕಾಣುತ್ತಿದ್ದುವು.

ಸ್ವಯಂಸೇವಕನು ಮಾತಿಗೆ ನನ್ನ ಊರು ಯಾವುದೆಂದು ಕೇಳಿದನು. ಇಂಡಿಯಾದ ಬೆಂಗಳೂರು ಎಂದೆನು. ಆತನು ಒಂದು ಗಳಿಗೆ ಸುಮ್ಮನಿದ್ದು, “ಹಾಗಾದರೆ ನೀನು ಮುಟ್ಟುತ್ತಿರುವುದು ನಿಮ್ಮೂರ ಕಲ್ಲನ್ನೇ,” ಎಂದನು. ನನಗೆ ತಮಾಷೆಯೆನಿಸಿತು. ತಮಾಷೆಯಾಗಿರಲಿಲ್ಲ. ಈ ಗೋಡೆಯ ಕಲ್ಲೆಲ್ಲ ಬೆಂಗಳೂರಿನ ಕಡೆಯ ಗಣಿಗಳಿಂದ ಹಡಗಿನಲ್ಲಿ ಬಂದುದು; ವರ್ಮಾಂಟ್ ಸಂಸ್ಥಾನದಲ್ಲಿ ಅದನ್ನು ಕತ್ತರಿಸಿ ನಯಗೊಳಿಸಿದರು; ಟೆನಿಸಿಯ ಮೆಂಫಿಸಿನಲ್ಲಿ ಹೆಸರುಗಳನ್ನು ಕೊರೆದರು. ನಮ್ಮ ಮನೆಯ ಹಿತ್ತಲಲ್ಲಿ ಬಿದ್ದಿರುವ ಒರಳೂ ಗುಂಡೂ ಅಂತಹುದೇ ಕರಿಯ ಕಲ್ಲಿನವು. ಅದರಲ್ಲಿ ನಮ್ಮಜ್ಜಿ ದೋಸೆಗೆ ರುಬ್ಬುತ್ತಿದ್ದುದನ್ನು ಬಿಟ್ಟರೆ ಆ ಕಲ್ಲಿಗೆ ಮತ್ತೊಂದು ಉಪಯೋಗವಿರಬಹುದೆಂದು ನಾನು ಯೋಚಿಸಿದವಳಲ್ಲ.

ಅಷ್ಟು ದೂರದಿಂದ ಏಕೆ ತಂದರೆಂದು ಹುಡುಗನು ಕೇಳಿದನು. ಆತನು ಹೇಳಿದುದಿಷ್ಟು: ಇಂತಹ ಕರಿಯ ಕಲ್ಲು ಸ್ವೀಡನ್ನಿನಲ್ಲಿಯೂ ಕೆನಡಾದಲ್ಲಿಯೂ ದೊರೆಯುತ್ತಿತ್ತು. ಆದರೆ ಕಡ್ಡಾಯವಾಗಿ ಸೈನ್ಯಕ್ಕೆ ಸೇರಿಸುವ ಕಟ್ಟಳೆಯನ್ನು ಒಪ್ಪದ ಹುಡುಗರು ಆಗ ಓಡಿಹೋಗಿ ನೆಲಸಿದ್ದುದು ಆ ಎರಡು ದೇಶಗಳಲ್ಲಿ. ಅವರಿಗೆ ಮರೆಯಾದ ನೆಲದ ಕಲ್ಲು ಈ ಹೆಸರುಗಳಿಗೆ ಬೇಡವೆಂದು ಬಿಟ್ಟರು.

“ಕೆನಡಾ,” ಎಂದರು ಅಜ್ಜಿ.

ನಾನು ತಿರುಗಿ ನೋಡಿದೆನು. ಆಕೆ ನಮ್ಮ ಯಾರನ್ನೂ ನೋಡದೆ ಆ ಹೆಸರಿನೊಡನೆಯೇ ಮಾತನಾಡುವವರಂತೆ ಹೇಳಿದರು: “ಕೆನಡಾಕ್ಕೆ ಹೋಗುತ್ತೇನೆಂದು ಅವನು ಬಟ್ಟೆ ಕಟ್ಟಿಕೊಂಡಿದ್ದನು. ನನಗೊಬ್ಬಳಿಗೇ ಹೇಳಿದ್ದನು. ಓಡಿಹೋದರೆ ಅಪ್ಪ ಊರಲ್ಲಿ ತಲೆಯೆತ್ತಿ ನಡೆಯುವುದು ಹೇಗೆಂದು ಕೇಳಿದೆನು. ಬಟ್ಟೆ ಬಿಚ್ಚಿಟ್ಟನು. ಬಸ್ಸಿನವರೆಗೆ ನಾನೇ ಬಿಟ್ಟುಬಂದೆನು.”

ನಲವತ್ತೆಂಟು ವರ್ಷಗಳಲ್ಲಿ ಮಗಳಿಗೂ ಹೇಳದ ಮಾತು ಇದು. ಯಜಮಾನಿಯ ಮುಖವನ್ನು ನೋಡಿಯೇ ನನಗೆ ಇದು ಗೊತ್ತಾಯಿತು. ಯಾರೂ ಸಮಾಧಾನದ ಮಾತನ್ನು ಹೇಳಲಿಲ್ಲ. ಸಮಾಧಾನವೇನಿದೆ ಹೇಳುವುದಕ್ಕೆ? ಹಳದಿ ಟೋಪಿಯ ಮುದುಕನು ಟೋಪಿಯನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡನು. ತುಸು ಹೊತ್ತಾದ ಮೇಲೆ ಅಜ್ಜಿ, “ಇನ್ನೊಂದು ಕಾಗದದ ಮೇಲೆಯೂ ಉಜ್ಜಮ್ಮ,” ಎಂದರು. ನಾನು ಮತ್ತೆ ಉಜ್ಜಿದೆನು.

ಶನಿವಾರ ವಸ್ತುಸಂಗ್ರಹಾಲಯಗಳನ್ನು ನೋಡಿದೆವು. ಅಮೆರಿಕವನ್ನು ಒಮ್ಮೆಯೂ ಕಣ್ಣಿನಿಂದ ಕಾಣದ ಸ್ಮಿತ್ಸನ್ ಎಂಬ ಆಂಗ್ಲೇಯನು ಬಿಟ್ಟುಹೋದ ಹಣದಿಂದ 1846ರಲ್ಲಿ ಸ್ಥಾಪನೆಯಾದ ಸಂಸ್ಥೆಯವು. ಒಳಗೆ ಹೋಗಲು ಕಾಸು ಕೊಡಬೇಕಾಗಿಲ್ಲ. ರೈಟ್ ಸೋದರರು 1903ರಲ್ಲಿ ಹಾರಿಸಿದ ವಿಮಾನವು ನಮ್ಮ ಮದುವೆಯ ಚಪ್ಪರದಷ್ಟು ಸಡಿಲವಾಗಿ ಕಾಣುತ್ತದೆ. ಯಜಮಾನರು ನನ್ನ ಸಂತೋಷಕ್ಕೆಂದು ನಮ್ಮ ರಾಯಭಾರ ಕಚೇರಿಯ ಎದುರಿಗಿರುವ ಗಾಂಧೀಜಿಯ ಪ್ರತಿಮೆಯವರೆಗೂ ಕರೆದುಕೊಂಡು ಹೋದರು. 2000ನೆಯ ಇಸವಿಯಲ್ಲಿ ಪ್ರಧಾನಿ ವಾಜಪೇಯಿಯವರು ಬಂದಾಗ ಅನಾವರಣವಾದುದು ಅದು. ಭಾನುವಾರ ಈಸ್ಟರ್ ಹಬ್ಬದ ಸಂಜೆಗೆ ಮನೆ ಸೇರಿದೆವು.

ರಾತ್ರಿ ಅಡುಗೆಮನೆಯಲ್ಲಿ ಅಜ್ಜಿ ಒಬ್ಬರೇ ಮೇಜಿನ ಮುಂದೆ ಎರಡು ಕಾಗದಗಳನ್ನೂ ಹರಡಿಕೊಂಡು ಕುಳಿತಿದ್ದರು. ಒಂದನ್ನು ಮಗಳಿಗೆ ಕೊಡುವೆನೆಂದರು. ಇನ್ನೊಂದನ್ನು ಮಗುಚಿ ನನ್ನ ಮುಂದಿಟ್ಟು, ನಿಮ್ಮೂರಿನ ಹೆಸರನ್ನು ನಿಮ್ಮ ಅಕ್ಷರದಲ್ಲಿ ಬರೆಯೆಂದು ಕೇಳಿದರು. ಸ್ವಯಂಸೇವಕನು ಕೊಟ್ಟಿದ್ದ ಆ ಮೋಟು ಪೆನ್ಸಿಲೇ ಅಲ್ಲಿದ್ದಿತು. ಬರೆದೆನು. ಆಕೆ ಕನ್ನಡಕವನ್ನು ಸರಿಮಾಡಿಕೊಂಡು ಬೆರಳಿನಿಂದ ಆ ಅಕ್ಷರಗಳನ್ನು ಒಂದೊಂದಾಗಿ ತೀಡಿದರು; ಬಳಿಕ, ಎಲ್ಲಿಂದ ಎಲ್ಲಿಗೆ ಓದಬೇಕೆಂದು ಕೇಳಿದರು.