ಸವೆದ ಸ್ವಿಚ್ಚೂ ಸ್ವಹಸ್ತದ ದುರಸ್ತಿಯೂ

ದಿನವೊಂದಕ್ಕೆ ಹತ್ತಾರು ಸಲ ಕೈ ತಾಗುವ ವಸ್ತುವಾದರೂ ಗೋಡೆಯ ಸ್ವಿಚ್ಚಿನತ್ತ ಗಮನ ಹರಿಯುವುದು ಅದು ಕೆಟ್ಟಾಗ ಮಾತ್ರ. ಮಹಾನಗರದ ಹಳೆಯ ಚಾಳುಗಳಲ್ಲಿಯೂ ಸೊಸೈಟಿಯ ಮನೆಗಳಲ್ಲಿಯೂ ಹಿಂದಿನ ಬಾಡಿಗೆದಾರರ ಕಾಲದ ಸ್ವಿಚ್ಚುಗಳೇ ಇನ್ನೂ ದುಡಿಯುತ್ತಿರುವುದುಂಟು. ಒಂದನ್ನು ಎರಡು ಸಲ ಒತ್ತಬೇಕು, ಇನ್ನೊಂದನ್ನು ಬೆರಳಿನಿಂದ ಅದುಮಿ ಹಿಡಿಯಬೇಕು. ಮನೆಮಂದಿಗೆಲ್ಲ ಅವುಗಳ ಮರ್ಜಿ ಬಾಯಿಪಾಠ. ಈ ಹೊಂದಾಣಿಕೆಯೇ ಅಪಾಯದ ಮೂಲ.

ಸ್ವಿಚ್ಚಿನೊಳಗೆ ಎರಡು ಲೋಹದ ತುದಿಗಳು ಕೂಡುತ್ತವೆ, ಅಗಲುತ್ತವೆ. ಅಗಲುವ ಕ್ಷಣದಲ್ಲಿ ಕಿಡಿ ಹುಟ್ಟುತ್ತದೆ; ಅದು ಹೆಚ್ಚು ಹೊತ್ತು ನಿಂತಷ್ಟೂ ಲೋಹ ಸುಡುತ್ತದೆ. ಇಂಗ್ಲೆಂಡಿನ ನ್ಯೂಕಾಸಲ್ ನಗರದ ಜಾನ್ ಹೆನ್ರಿ ಹೋಮ್ಸ್ 1884ರಲ್ಲಿ, ತುದಿಗಳನ್ನು ಥಟ್ಟನೆ ಬೇರ್ಪಡಿಸುವ ಸ್ವಿಚ್ಚನ್ನು ರೂಪಿಸಿದ್ದು ಇದರ ಪರಿಹಾರಕ್ಕಾಗಿಯೇ. ಒಳಗಿನ ಸ್ಪ್ರಿಂಗ್ ಸೋತಾಗ ‘ಟಿಕ್’ ಎಂಬ ಸದ್ದು ಮಂಕಾಗುತ್ತದೆ, ತುದಿಗಳು ಕಪ್ಪಾಗಿ ಶಾಖ ಏರುತ್ತದೆ. ವೈರನ್ನು ಹಿಡಿದ ಸ್ಕ್ರೂ ಸಡಿಲಗೊಂಡರೂ ಅದೇ ಗತಿ. ಚರಚರ ಸದ್ದು, ಬಿಸಿಯಾದ ಮುಚ್ಚಳ, ಸುಟ್ಟ ವಾಸನೆ, ಕಂದು ಕಲೆ, ಇವೆಲ್ಲ ಬೆಂಕಿಯ ಮುನ್ಸೂಚನೆಗಳು.

ಇಂಥ ಸ್ವಿಚ್ಚನ್ನು ಬದಲಿಸುವುದು ಗೃಹಸ್ಥನಿಗೆ ನಿಷಿದ್ಧವಲ್ಲ. ವಿದ್ಯುತ್ ಕೆಲಸವನ್ನು ಪರವಾನಗಿ ಪಡೆದ ಗುತ್ತಿಗೆದಾರರೇ ಮಾಡಬೇಕೆಂದು ವಿಧಿಸಿದ 1956ರ ಭಾರತೀಯ ವಿದ್ಯುತ್ ನಿಯಮಗಳ 45ನೆಯ ನಿಯಮವು, ವ್ಯವಸ್ಥೆಯ ಸಾಮರ್ಥ್ಯ ಮತ್ತು ಸ್ವರೂಪ ಬದಲಾಗದಂತೆ ದೀಪ, ಫ್ಯಾನು, ಫ್ಯೂಸು, ಸ್ವಿಚ್ಚುಗಳನ್ನು ಬದಲಿಸುವುದಕ್ಕೆ ವಿನಾಯಿತಿ ನೀಡಿತ್ತು. 2010ರ ನಿಯಮಾವಳಿಯೂ ಅದನ್ನು ಉಳಿಸಿಕೊಂಡಿತು.

ಆದರೆ ಎದುರಿಗಿರುವುದು 230 ವೋಲ್ಟ್ ಎಂಬುದನ್ನು ಮರೆಯಲಾಗದು. ಗೋಡೆಯ ಸ್ವಿಚ್ಚನ್ನು ಆರಿಸಿದರೆ ಸಾಲದು, ಫೇಸ್ ವೈರು ಅಲ್ಲಿಯವರೆಗೂ ಜೀವಂತವಾಗಿಯೇ ಇರುತ್ತದೆ. ಮೇನ್ ಸ್ವಿಚ್ಚನ್ನೇ ಆರಿಸಿ, ಯಾರೂ ಹಾಕದಂತೆ ಮನೆಯವರಿಗೆ ತಿಳಿಸಬೇಕು. ಟೆಸ್ಟರ್ ಸರಿಯಿದೆಯೇ ಎಂಬುದನ್ನು ಮೊದಲೇ ವಿದ್ಯುತ್ ಇರುವ ಪ್ಲಗ್ಗಿನಲ್ಲಿ ಪರೀಕ್ಷಿಸಿಕೊಂಡು, ಮೇನ್ ಆರಿಸಿದ ಬಳಿಕ ಪ್ರತಿಯೊಂದು ವೈರನ್ನೂ ಮುಟ್ಟಿಸಿ ನೋಡಬೇಕು. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇದ್ದರೂ ಈ ಎಚ್ಚರ ಬಿಡತಕ್ಕದ್ದಲ್ಲ. ಒಂದು ಕೈ ಫೇಸನ್ನೂ ಇನ್ನೊಂದು ನ್ಯೂಟ್ರಲನ್ನೂ ಹಿಡಿದರೆ ಅದು ಕಾಪಾಡದೆ ಹೋಗಬಹುದು.

ಬಿಚ್ಚುವ ಮುನ್ನ ವೈರುಗಳ ಸ್ಥಾನವನ್ನು ಕಾಗದದಲ್ಲಿ ಗುರುತಿಸಿಟ್ಟರೆ ಗೊಂದಲವಿಲ್ಲ. ಕಪ್ಪಾದ ತಾಮ್ರದ ತುದಿಯನ್ನು ಕತ್ತರಿಸಿ, ಹೊಸ ತುದಿ ಸುಲಿದು, ಸ್ಕ್ರೂ ಬಿಗಿದು, ಮೆಲ್ಲಗೆ ಎಳೆದು ನೋಡಬೇಕು. ದೀಪ, ಫ್ಯಾನುಗಳಿಗೆ 6 ಆಂಪಿಯರ್, ಗೀಸರಿಗೆ 16 ಆಂಪಿಯರ್ ಸ್ವಿಚ್ಚು ಸಲ್ಲುತ್ತದೆ. ಸ್ವಿಚ್ಚು ಇರಬೇಕಾದದ್ದು ಫೇಸ್ ವೈರಿನಲ್ಲಿಯೇ. ನ್ಯೂಟ್ರಲಿನಲ್ಲಿದ್ದರೆ ದೀಪ ಆರಿದರೂ ಹೋಲ್ಡರಿನಲ್ಲಿ ಮೃತ್ಯು ಕಾದಿರುತ್ತದೆ. ವೈರಿನ ಹೊದಿಕೆ ಪುಡಿಯಾಗುತ್ತಿದ್ದರೆ, ಮಳೆಗಾಲದಲ್ಲಿ ಗೋಡೆ ಒಸರುತ್ತಿದ್ದರೆ, ಮೇನ್ ಪದೇ ಪದೇ ಬೀಳುತ್ತಿದ್ದರೆ ಅದು ಗೃಹಸ್ಥನ ಕೆಲಸವಲ್ಲ; ಪರಿಣತ ಎಲೆಕ್ಟ್ರಿಷಿಯನ್ನನನ್ನು ಕರೆಯಿಸುವುದೇ ವಿವೇಕ.

ಖರ್ಚು ಅಲ್ಪ, ಕೆಲಸ ಅರ್ಧ ಗಂಟೆಯದು. ಸಂತೃಪ್ತಿ ಮಾತ್ರ ಅದಕ್ಕೂ ಮೀರಿದ್ದು. ಊರಿನ ಹಿರಿಯರು ಮಳೆಗೆ ಮುನ್ನ ಹಂಚು ಸರಿಪಡಿಸುತ್ತಿದ್ದರು, ಬಾವಿಯ ರಾಟೆಗೆ ಎಣ್ಣೆ ಬಿಡುತ್ತಿದ್ದರು. ಮನೆಯೆಂದರೆ ಅವರಿಗೆ ಕೈಯಾರೆ ಕಾಪಾಡಿಕೊಳ್ಳುವ ವಸ್ತುವಾಗಿತ್ತು. ಎಲ್ಲಕ್ಕೂ ಹಣ ತೆತ್ತು ಇನ್ನೊಬ್ಬರಿಗಾಗಿ ಕಾಯುವ ನಗರಜೀವನದಲ್ಲಿ, ಹೊಸ ಸ್ವಿಚ್ಚು ಒಂದೇ ಒತ್ತಿಗೆ ‘ಟಿಕ್’ ಎಂದಾಗ ಆ ಒಡೆತನದ ಸುಖ ಬಾಡಿಗೆಯ ಮನೆಯಲ್ಲಿಯೂ ದೊರೆಯುತ್ತದೆ.