ರ್‍ಯಾಪಿಡ್ ಟೆಸ್ಟ್ ನೆಗೆಟಿವ್ ಬಂತು. ಮುತ್ಯಾನ ಪಕ್ಕ ಕೂಡಬಹುದಾ?

ಇವತ್ತು ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡೋಣ. ಜೇವರ್ಗಿ ತಾಲ್ಲೂಕಿನ ಒಂದು ಮನೆ ಅಂದ್ಕೊಳ್ಳಿ. ಮಗ ಪುಣೆಯಿಂದ ಊರಿಗೆ ಬಂದಿದ್ದಾನೆ, ನಿನ್ನೆಯಿಂದ ಗಂಟಲು ಕೆರೆತ, ಮೈಬಿಸಿ. ಕೋವಿಡ್ ರ್‍ಯಾಪಿಡ್ ಟೆಸ್ಟ್ ಮಾಡಿಸಿದ, ನೆಗೆಟಿವ್. ಮನೆಯಲ್ಲಿ ಶುಗರ್ ಇರುವ ಮುತ್ಯಾ ಇದ್ದಾರೆ. ಅವರ ಪಕ್ಕ ಕೂತು ಊಟ ಮಾಡಬಹುದಾ?

ಉತ್ತರ ಹೇಳೋದಕ್ಕೆ ಮೊದಲು ಒಂದು ಮಾತು ಗೊತ್ತಿರಬೇಕು. ಎಲ್ಲ ಟೆಸ್ಟ್‌ಗಳ ‘ನೆಗೆಟಿವ್’ ಒಂದೇ ಅಲ್ಲ.

ರ್‍ಯಾಪಿಡ್ ಆಂಟಿಜನ್ ಟೆಸ್ಟ್ ಹುಡುಕೋದು ವೈರಸ್ಸಿನ ಪ್ರೋಟೀನನ್ನು. ಮೂಗಿನಿಂದ ತೆಗೆದ ಸ್ಯಾಂಪಲ್‌ನಲ್ಲಿ ಎಷ್ಟಿದೆಯೋ ಅಷ್ಟನ್ನೇ ನೋಡುತ್ತದೆ, ಹೆಚ್ಚಿಸಿಕೊಂಡು ನೋಡೋದಿಲ್ಲ. ವೈರಸ್ ಜಾಸ್ತಿ ಇದ್ರೆ 15ರಿಂದ 30 ನಿಮಿಷದಲ್ಲಿ ಗೆರೆ ಕಾಣುತ್ತದೆ. ಕಡಿಮೆ ಇದ್ರೆ ಕಾಣದೇ ಹೋಗಬಹುದು. 2020ರ ಜೂನ್‌ನಲ್ಲಿ ಐಸಿಎಂಆರ್ ಮೊದಲ ಆಂಟಿಜನ್ ಕಿಟ್‌ಗೆ ಒಪ್ಪಿಗೆ ಕೊಟ್ಟಾಗ, ಎರಡು ಕಡೆ ನಡೆದ ಪರಿಶೀಲನೆಯಲ್ಲಿ ಅದು ಸೋಂಕಿತರಲ್ಲಿ ಶೇ 50.6ರಿಂದ ಶೇ 84ರಷ್ಟು ಜನರನ್ನು ಮಾತ್ರ ಹಿಡಿದಿತ್ತು. ಆದ್ರೆ ಸೋಂಕು ಇಲ್ಲದವರಿಗೆ ಸುಳ್ಳು ಪಾಸಿಟಿವ್ ಕೊಡೋದು ಬಹಳ ಅಪರೂಪ. ಅದಕ್ಕೇ ನಿಯಮ ಹೀಗಿತ್ತು: ಪಾಸಿಟಿವ್ ಬಂದ್ರೆ ನಂಬಿ, ಲಕ್ಷಣ ಇದ್ದೂ ನೆಗೆಟಿವ್ ಬಂದ್ರೆ ಆರ್‌ಟಿ-ಪಿಸಿಆರ್ ಮಾಡಿಸಿ.

ಆರ್‌ಟಿ-ಪಿಸಿಆರ್ ಏನು ಮಾಡುತ್ತದೆ? ವೈರಸ್ಸಿನ ಆರ್‌ಎನ್‌ಎಯನ್ನು ಡಿಎನ್‌ಎ ಮಾಡಿ, ಅದನ್ನು ಪ್ರತಿ ಸುತ್ತಿಗೂ ಎರಡು ಪಟ್ಟು ಮಾಡುತ್ತಾ ಹೋಗುತ್ತದೆ. ಲೆಕ್ಕದ ಪ್ರಕಾರ ಒಂದು ತುಣುಕು 10 ಸುತ್ತಿಗೆ 1,024 ಆಗುತ್ತದೆ, 30 ಸುತ್ತಿಗೆ 107 ಕೋಟಿ. ಎಷ್ಟನೇ ಸುತ್ತಿಗೆ ಮಷಿನ್‌ಗೆ ಸಿಗ್ನಲ್ ಕಾಣಿಸಿತೋ ಅದೇ ಸಿಟಿ ವ್ಯಾಲ್ಯೂ. ಬೇಗ ಕಂಡ್ರೆ ವೈರಸ್ ಜಾಸ್ತಿ, ತಡವಾಗಿ ಕಂಡ್ರೆ ಕಡಿಮೆ. ಸಿಟಿ 18ಕ್ಕೂ 34ಕ್ಕೂ ನಡುವೆ ಹೆಚ್ಚುಕಡಿಮೆ 65 ಸಾವಿರ ಪಟ್ಟು ವ್ಯತ್ಯಾಸ! ರ್‍ಯಾಪಿಡ್ ಟೆಸ್ಟ್ ತಪ್ಪಿಸಿಕೊಳ್ಳೋದು ಈ 34ರ ಹತ್ತಿರದವರನ್ನೇ. ಸಿಟಿ 35 ದಾಟಿದರೆ ನೆಗೆಟಿವ್ ಅಂತ ಪರಿಗಣಿಸಬಹುದು ಎಂದು ಐಸಿಎಂಆರ್ ಹೇಳಿತ್ತು.

ಹಾಗಾದ್ರೆ ಎಲ್ಲರಿಗೂ ಆರ್‌ಟಿ-ಪಿಸಿಆರ್ ಮಾಡಿದ್ರೆ ಮುಗೀತಲ್ಲ? ಇಲ್ಲಿ ನಮ್ಮ ಜಿಲ್ಲೆಯದ್ದೇ ನೆನಪು ಬೇಕು. ದೇಶದ ಮೊದಲ ಕೋವಿಡ್ ಸಾವು ಆಗಿದ್ದು ಕಲಬುರಗಿಯ 76 ವರ್ಷದ ಹಿರಿಯರದ್ದು, 2020ರ ಮಾರ್ಚ್ 10ರಂದು. ಅವರ ಸ್ಯಾಂಪಲ್ ಪರೀಕ್ಷೆಗೆ ಬೆಂಗಳೂರಿಗೆ ಹೋಗಬೇಕಾಯಿತು. ಸೋಂಕು ದೃಢಪಟ್ಟಿದ್ದು ಮಾರ್ಚ್ 12ಕ್ಕೆ. ಟೆಸ್ಟ್ ಎಷ್ಟೇ ಸೂಕ್ಷ್ಮ ಇದ್ರೂ ರಿಪೋರ್ಟ್ ತಡವಾದ್ರೆ ಉಪಯೋಗ ಕಡಿಮೆ. ಅದೇ ವರ್ಷ ಕಲಬುರಗಿಯ ಜಿಮ್ಸ್‌ನಲ್ಲೇ ಪರೀಕ್ಷೆ ಶುರುವಾಯಿತು. ಆದ್ರೂ ಆಗ ಆಳಂದ, ಅಫಜಲಪುರ, ಜೇವರ್ಗಿಯಿಂದ ಸ್ಯಾಂಪಲ್ ತಂಪಿನ ಡಬ್ಬಿಯಲ್ಲಿ ಜಿಲ್ಲಾ ಕೇಂದ್ರಕ್ಕೆ ಹೋಗಬೇಕಿತ್ತು, ಸರದಿ ಕಾಯಬೇಕಿತ್ತು.

ಈ ಎರಡರ ನಡುವೆ ಟ್ರೂನಾಟ್ ಇದೆ. ಗೋವಾದ ಮೋಲ್‌ಬಯೋ ಕಂಪನಿಯದ್ದು, ಕ್ಷಯ ಪತ್ತೆಗೂ ಬಳಸುವ ಚಿಕ್ಕ ಮಷಿನ್. ಬ್ಯಾಟರಿ ಮೇಲೂ ನಡೀತದೆ. ಇದೂ ಪಿಸಿಆರ್ ಮಾದರಿಯದ್ದೇ, ಸುಮಾರು ಒಂದು ತಾಸಿನಲ್ಲಿ ಫಲಿತಾಂಶ. ಆದ್ರೆ ಒಂದು ಸಲಕ್ಕೆ ಬೆರಳೆಣಿಕೆಯ ಸ್ಯಾಂಪಲ್ ಮಾತ್ರ.

ಇನ್ನೊಂದು ದಾರಿ ಪೂಲಿಂಗ್. ಐದು ಜನರ ಸ್ಯಾಂಪಲ್ ಸೇರಿಸಿ ಒಂದೇ ಟೆಸ್ಟ್. ಕಿಟ್ ಉಳೀತದೆ, ಆದ್ರೆ ಒಬ್ಬರ ವೈರಸ್ ಐದು ಪಟ್ಟು ತೆಳುವಾಗಿ ಸಿಟಿ ಸುಮಾರು 2.3 ಏರುತ್ತದೆ. 34 ಇದ್ದದ್ದು 36 ದಾಟಿತು ಅಂದ್ರೆ ಆ ವ್ಯಕ್ತಿ ಕೈತಪ್ಪಿದ ಹಾಗೆ. ಅದಕ್ಕೇ ಐಸಿಎಂಆರ್ 2020ರ ಏಪ್ರಿಲ್‌ನಲ್ಲಿ ಐದಕ್ಕಿಂತ ಹೆಚ್ಚು ಬೇಡ ಅಂದಿತ್ತು. ಸೋಂಕು ಶೇ 2ಕ್ಕಿಂತ ಕಡಿಮೆ ಇರುವ ಕಡೆಗಷ್ಟೇ ಇದನ್ನು ಶಿಫಾರಸು ಮಾಡಿತ್ತು.

ಪಿಸಿಆರ್‌ಗೂ ಒಂದು ಮಿತಿ ಇದೆ. ಅದು ಬದುಕಿರುವ ವೈರಸ್ಸೋ, ಸತ್ತು ಉಳಿದ ತುಣುಕೋ ಅಂತ ಹೇಳೋದಿಲ್ಲ. ವಾಸಿಯಾದ ಮೇಲೂ ಕೆಲವರಲ್ಲಿ ವಾರಗಟ್ಟಲೆ ಪಾಸಿಟಿವ್ ಬರಬಹುದು. ಸಿಟಿ 34 ಅಂದ್ರೆ ಕಾಯಿಲೆ ಮುಗೀತಾ ಬಂದಿರಬಹುದು, ಇಲ್ಲಾ ಈಗಷ್ಟೇ ಶುರುವಾಗಿರಬಹುದು, ಇಲ್ಲಾ ಸ್ವ್ಯಾಬ್ ಸರಿಯಾಗಿ ತೆಗೆದಿರಲಿಕ್ಕಿಲ್ಲ. ನಂಬರ್ ಒಂದೇ ಸಾಲದು, ಲಕ್ಷಣ ಶುರುವಾಗಿ ಎಷ್ಟು ದಿನ ಆಯ್ತು ಅನ್ನೋದೂ ಬೇಕು.

ಈಗ ಆ ಮನೆಗೆ ವಾಪಸ್ ಬರೋಣ. ಲಕ್ಷಣ ಶುರುವಾಗಿ ಒಂದೇ ದಿನ, ಮಾಡಿಸಿದ್ದು ರ್‍ಯಾಪಿಡ್ ಟೆಸ್ಟ್. ವೈರಸ್ ಈಗಿನ್ನೂ ಏರ್ತಾ ಇರಬಹುದು. ಆ ನೆಗೆಟಿವ್ ಮೇಲೆ ಭಾರ ಹಾಕಬೇಡಿ. ಆರ್‌ಟಿ-ಪಿಸಿಆರ್‌ಗೆ ಸ್ಯಾಂಪಲ್ ಕೊಡಿ, ರಿಪೋರ್ಟ್ ಬರೋತನಕ ಮಾಸ್ಕ್ ಹಾಕ್ಕೊಂಡು ಬೇರೆ ಕೋಣೆಯಲ್ಲಿರಿ. ಮುತ್ಯಾನ ಜೊತೆ ಮಾತು ಬಾಗಿಲ ಹೊರಗಿಂದಲೂ ಆಗ್ತದೆ. ಊಟ ನಾಲ್ಕು ದಿನ ಬಿಟ್ಟು ಕೂಡಿ ಮಾಡಿದ್ರಾಯ್ತು.