ಕಾಲಿನ ಸೆಳೆತಕ್ಕೆ ಮೂಲ ಗರ್ಭಕೋಶದ ಬಳಿಯೂ ಇರಬಹುದು

ದೇವನಹಳ್ಳಿ ತಾಲ್ಲೂಕಿನ ಆವತಿ ಸುತ್ತಮುತ್ತ ದ್ರಾಕ್ಷಿ ತೋಟ, ಹೂವಿನ ಹೊಲಗಳಲ್ಲಿ ದುಡಿಯುವ ಮಹಿಳೆಯರಿಗೆ ಸೊಂಟದಿಂದ ಕಾಲಿಗಿಳಿಯುವ ನೋವು ಹೊಸದಲ್ಲ. ದಿನವಿಡೀ ಬಗ್ಗಿ ದುಡಿದದ್ದರ ಫಲವೆಂದು ಮುಲಾಮು ಹಚ್ಚಿ ಸುಮ್ಮನಾಗುವವರೇ ಹೆಚ್ಚು. ಬಹುಪಾಲು ಸಂದರ್ಭಗಳಲ್ಲಿ ನೋವಿನ ಮೂಲ ಬೆನ್ನುಮೂಳೆಯಲ್ಲೇ ಇರುತ್ತದೆ. ಆದರೆ ಅದು ಪ್ರತಿ ತಿಂಗಳು ಮುಟ್ಟಿನ ಆಸುಪಾಸಿನಲ್ಲೇ ಮರುಕಳಿಸುತ್ತಿದ್ದರೆ, ಕಾರಣವನ್ನು ಬೇರೆಡೆಯೂ ಹುಡುಕಬೇಕಾಗುತ್ತದೆ.

ನರಗಳ ಹಾದಿ

ಕಾಲಿನ ಹಿಂಬದಿಗೆ ಇಳಿಯುವ ಸಯಾಟಿಕ್ ನರವು ಬೆನ್ನಿನ ಕೆಳಭಾಗದ ನರಬೇರುಗಳು ಕೂಡಿ ಉಂಟಾಗುತ್ತದೆ. ಈ ಬೇರುಗಳು ಗರ್ಭಕೋಶ, ಅಂಡಾಶಯಗಳಿರುವ ಕಿಬ್ಬೊಟ್ಟೆಯ ಕುಹರದ ಹಿಂಗೋಡೆಯ ಮೂಲಕವೇ ಹಾದುಹೋಗುತ್ತವೆ. ತೊಡೆಯ ಒಳಭಾಗದ ನರವೂ ಅಂಡಾಶಯದ ಸಮೀಪದಲ್ಲೇ ಸಾಗುತ್ತದೆ. ಅಲ್ಲಿ ಒತ್ತಡ ಅಥವಾ ಉರಿಯೂತ ಉಂಟಾದರೆ ನೋವು ಅನುಭವಕ್ಕೆ ಬರುವುದು ಕಾಲಿನಲ್ಲಿ.

ಮುಖ್ಯ ಕಾರಣ

ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಅದರ ಹೊರಗೆ ಬೆಳೆಯುವ ಸ್ಥಿತಿಯೇ ಎಂಡೊಮೆಟ್ರಿಯೋಸಿಸ್. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, ಸಂತಾನೋತ್ಪತ್ತಿ ವಯಸ್ಸಿನ ಶೇ. 10ರಷ್ಟು, ಅಂದರೆ ಸುಮಾರು 19 ಕೋಟಿ ಮಹಿಳೆಯರಲ್ಲಿ ಇದಿದೆ. ಅದು ಸಯಾಟಿಕ್ ನರವನ್ನು ತಲುಪುವುದು ವಿರಳ. ಇಂತಹ ಪ್ರಕರಣವನ್ನು ಅಮೆರಿಕದ ವೈದ್ಯರಾದ ಡೆಂಟನ್ ಮತ್ತು ಶೆರಿಲ್ 1955ರಲ್ಲಿಯೇ ವರದಿ ಮಾಡಿದ್ದರು. ಬಲಗಾಲಿನಲ್ಲಿ ಇದು ಹೆಚ್ಚು. ಎಡಬದಿಯ ನರಕ್ಕೆ ದೊಡ್ಡಕರುಳಿನ ಭಾಗವೊಂದು ಮರೆಯಾಗಿರುವುದೇ ಕಾರಣವೆಂಬ ವಿವರಣೆಯಿದೆ.

ಆರಂಭದಲ್ಲಿ ಮುಟ್ಟಿನೊಡನೆ ಬಂದು ಹೋಗುವ ನೋವು ಕ್ರಮೇಣ ನಿರಂತರವಾಗಬಹುದು. ಜೋಮು ಹಿಡಿಯುವುದು, ಪಾದ ಎತ್ತಲು ಕಷ್ಟವಾಗುವುದು ನಂತರದ ಹಂತ. ಚಿಕಿತ್ಸೆ ತಡವಾದಷ್ಟೂ ನರಕ್ಕೆ ಶಾಶ್ವತ ಹಾನಿಯಾಗುವ ಅಪಾಯ ಹೆಚ್ಚು.

ಇತರ ಕಾರಣಗಳು

ಗರ್ಭಕೋಶದ ದೊಡ್ಡ ಗಡ್ಡೆಗಳೂ ನರವನ್ನು ಒತ್ತಬಲ್ಲವು. ಕಷ್ಟದ ಹೆರಿಗೆ ಅಥವಾ ಗರ್ಭಕೋಶದ ಶಸ್ತ್ರಚಿಕಿತ್ಸೆಯ ನಂತರ ತೊಡೆ, ಪಾದಗಳಲ್ಲಿ ಬಲಹೀನತೆ ಕಾಣಿಸಿಕೊಳ್ಳುವುದುಂಟು. ಬಹುತೇಕರಲ್ಲಿ ಇದು ಕೆಲವು ವಾರ, ತಿಂಗಳುಗಳಲ್ಲಿ ಗುಣವಾಗುತ್ತದೆ. ಗರ್ಭಕೊರಳಿನ ಕ್ಯಾನ್ಸರ್ ಮುಂದುವರಿದಾಗಲೂ ಕಾಲುನೋವು, ಊತ ಬರಬಹುದು.

ಏನು ಮಾಡಬೇಕು?

ನೋವು ಬಂದ ದಿನ ಹಾಗೂ ಮುಟ್ಟಿನ ದಿನಗಳನ್ನು ಎರಡು ಮೂರು ತಿಂಗಳು ಕ್ಯಾಲೆಂಡರಿನಲ್ಲಿ ಗುರುತಿಸಿ ವೈದ್ಯರಿಗೆ ತೋರಿಸಿ. ಬೆನ್ನುಮೂಳೆಯ ಸ್ಕ್ಯಾನಿಂಗ್‌ನಲ್ಲಿ ದೋಷ ಕಾಣದಿದ್ದರೆ ಕಿಬ್ಬೊಟ್ಟೆಯ ಎಂಆರ್‌ಐ ನೆರವಾಗುತ್ತದೆ. ಎಂಡೊಮೆಟ್ರಿಯೋಸಿಸ್‌ಗೆ ಹಾರ್ಮೋನ್ ಚಿಕಿತ್ಸೆ, ಅಗತ್ಯವಿದ್ದಲ್ಲಿ ಲ್ಯಾಪರೋಸ್ಕೋಪಿ ಶಸ್ತ್ರಚಿಕಿತ್ಸೆ ಲಭ್ಯ. ಮೊದಲು ತಾಲ್ಲೂಕು ಆಸ್ಪತ್ರೆಯ ಸ್ತ್ರೀರೋಗ ತಜ್ಞರನ್ನು ಕಾಣಬಹುದು. ಹೆಚ್ಚಿನ ತಪಾಸಣೆಗೆ ಬೆಂಗಳೂರಿನಲ್ಲಿ ವಾಣಿವಿಲಾಸ ಆಸ್ಪತ್ರೆ ಹಾಗೂ ನಿಮ್ಹಾನ್ಸ್ ಇವೆ.

ಮೂತ್ರ ಕಟ್ಟುವುದು, ತೊಡೆಸಂದಿಯಲ್ಲಿ ಸ್ಪರ್ಶಜ್ಞಾನ ಇಲ್ಲವಾಗುವುದು, ಪಾದ ದಿಢೀರನೆ ಜೋಲುಬೀಳುವುದು, ಬಾಣಂತಿಯ ಒಂದೇ ಕಾಲು ಊದಿ ನೋಯುವುದು ಇವು ತುರ್ತು ಲಕ್ಷಣಗಳು. ಮುಟ್ಟು ನಿಂತ ನಂತರದ ರಕ್ತಸ್ರಾವವನ್ನೂ ಕಡೆಗಣಿಸಬಾರದು.

ಕಾಲುನೋವೆಂದು ಮೂಳೆ ತಜ್ಞರ ಬಳಿಗೆ ಹೋದ ಮಹಿಳೆ ಮುಟ್ಟಿನ ಮಾತೆತ್ತಲು ಸಂಕೋಚಪಡುತ್ತಾಳೆ. ವೈದ್ಯರೂ ಕೇಳದೆ ಬಿಡಬಹುದು. ಆ ಒಂದು ಮಾತು ಹಲವು ವರ್ಷಗಳ ನೋವನ್ನು ತಪ್ಪಿಸಬಲ್ಲದು.